ಫೋನಿನಲ್ಲೇ ಫೋಟೋ ಚೆನ್ನಾಗಿ ಬರುವಾಗ ಫಿಲ್ಮ್ ಕ್ಯಾಮೆರಾದಲ್ಲಿ ಏನಿದೆ ಸುಖ? ತುಮಕೂರಿನಲ್ಲಿದ್ದುಕೊಂಡು ಅದು ಸಾಧ್ಯವೇ?

ಸಾಧ್ಯ. ನೀವು ಬರೆದಿರುವ ಪ್ರಕಾರ ಅಪ್ಪನ ಬೀರುವಿನಲ್ಲಿ ಪೆಂಟಾಕ್ಸ್ ಕೆ1000 ಸಿಕ್ಕಿದೆ, ಅದಕ್ಕೆ 50 ಎಂ.ಎಂ. ಲೆನ್ಸ್ ಇದೆ, ನಿಮ್ಮ ಕಡೆಯ ಸ್ಟುಡಿಯೋಗಳಲ್ಲಿ ಈಗ ಯಾರೂ ರೋಲು ತೊಳೆದುಕೊಡುತ್ತಿಲ್ಲ. ಹಾಗಿದ್ದರೆ ಕಪ್ಪು-ಬಿಳುಪು ಫಿಲ್ಮ್ ಹಾಕಿ, ಮನೆಯಲ್ಲೇ ತೊಳೆಯಿರಿ, ಅಂದರೆ ದ್ರಾವಣಗಳಲ್ಲಿ ಅದ್ದಿ ಚಿತ್ರ ಮೂಡಿಸಿಕೊಳ್ಳಿ. ಏನು ಸುಖ ಎಂದು ಕೇಳಿದಿರಲ್ಲ, ಅದರ ಮುಕ್ಕಾಲು ಪಾಲು ಈ ತೊಳೆಯುವುದರಲ್ಲೇ ಇದೆ. ಫಿಲ್ಮಿನ ಬಣ್ಣ, ಆ ತರಿತರಿ ನೋಟ ಮಾತ್ರ ಬೇಕಿದ್ದರೆ ಫೋನಿನ ಫಿಲ್ಟರ್ ಸಾಕು, ಅದಕ್ಕಾಗಿ ಇಷ್ಟು ಖರ್ಚು ಬೇಡ. ನೀವು ಬೆಳಕು ಅಳೆದದ್ದು, ನೀರು ಎಷ್ಟು ಬಿಸಿ ಇತ್ತು, ರೋಲು ತೊಳೆಯುವ ಟ್ಯಾಂಕನ್ನು ಹೇಗೆ ತಿರುಗಿಸಿದಿರಿ, ಎಲ್ಲವೂ ನೆಗೆಟಿವ್ ಪಟ್ಟಿಯ ಮೇಲೆ ಗುರುತು ಬಿಟ್ಟಿರುತ್ತವೆ. ಆ ಗುರುತು ಓದಲು ಬಂತೆಂದರೆ ಮುಂದಿನ ರೋಲು ಇನ್ನಷ್ಟು ಚೆನ್ನಾಗಿ ಬರುತ್ತದೆ. ವರ್ಷಗಟ್ಟಲೆ ಮಾಡಿದರೂ ಬೇಸರ ಬರದಿರುವುದು ಇದಕ್ಕೇ.

ಮೊದಲು ಕ್ಯಾಮೆರಾ. ಕೆ1000 ಅನ್ನು 1976ರಿಂದ 1997ರವರೆಗೆ ತಯಾರಿಸಿದರು. ಫಿಲ್ಮಿಗೆ ಬೆಳಕು ಬಿಡುವ ಪರದೆ, ಅಂದರೆ ಶಟರ್, ಪೂರ್ತಿ ಯಾಂತ್ರಿಕ, ಬ್ಯಾಟರಿ ಬೇಕಿರುವುದು ಬೆಳಕಿನ ಮೀಟರಿಗೆ ಮಾತ್ರ. ಒಂದು ಎಲ್‌ಆರ್44 ಬಟನ್ ಸೆಲ್ ಸಾಕು, ಯಾವ ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಈ ಮೀಟರಿಗೆ ಆಫ್ ಸ್ವಿಚ್ ಇಲ್ಲ. ಲೆನ್ಸಿಗೆ ಮುಚ್ಚಳ ಹಾಕದೆ ಇಟ್ಟರೆ ಸೆಲ್ ಬೇಗ ಮುಗಿಯುತ್ತದೆ. ಹಿಂಬದಿಯ ಬಾಗಿಲು ತೆರೆದು ಅಂಚಿನ ಸಣ್ಣ ತೋಡಿನಲ್ಲಿರುವ ಕಪ್ಪು ಸ್ಪಂಜನ್ನು ಬೆರಳಿಂದ ಮುಟ್ಟಿ. ಇಷ್ಟು ಹಳೆಯ ಸ್ಪಂಜು ಕರಗಿ ಜಿಗುಟಾಗಿರುವುದೇ ಹೆಚ್ಚು, ಅಲ್ಲಿಂದ ಬೆಳಕು ಸೋರುತ್ತದೆ. ಹಲ್ಲುಕಡ್ಡಿ ಮತ್ತು ಸ್ಪಿರಿಟ್‌ನಿಂದ ಕೆರೆದು ತೆಗೆದು, ಆ ಜಾಗಕ್ಕೆ ಕಪ್ಪು ಉಲ್ಲನ್ ದಾರ ಕೂರಿಸಿದರೂ ಕೆಲಸ ಆಗುತ್ತದೆ. ಆಮೇಲೆ ಲೆನ್ಸ್ ಕಳಚಿ, ಬಾಗಿಲು ತೆರೆದೇ ಇಟ್ಟು, 1/1000 ಸೆಕೆಂಡಿನ ವೇಗದಲ್ಲಿ ಕಿಟಕಿಯ ಕಡೆ ಹಿಡಿದು ಶಟರ್ ಒತ್ತಿ ನೋಡಿ. ಚೌಕದ ಒಂದು ಬದಿ ಕಪ್ಪಾಗಿ ಕಂಡರೆ ಶಟರಿನ ಬಟ್ಟೆ ಪರದೆಗಳಲ್ಲಿ ಒಂದು ನಿಧಾನವಾಗಿದೆ ಎಂದರ್ಥ. ಅದು ರಿಪೇರಿಗೆ ಹೋಗುವವರೆಗೆ 1/500ಕ್ಕಿಂತ ಕೆಳಗಿನ ವೇಗಗಳಲ್ಲೇ ತೆಗೆಯಿರಿ. ಲೆನ್ಸನ್ನು ಟಾರ್ಚಿಗೆ ಹಿಡಿದಾಗ ಒಳಗೆ ಜೇಡರ ಬಲೆಯಂಥ ಎಳೆಗಳಿದ್ದರೆ ಅದು ಫಂಗಸ್. ಅಂಚಿನಲ್ಲಿ ಸ್ವಲ್ಪ ಇದ್ದರೆ ಚಿತ್ರಕ್ಕೆ ತೊಂದರೆಯಿಲ್ಲ, ಆದರೆ ಬೇರೆ ಲೆನ್ಸುಗಳ ಜೊತೆ ಇಡಬೇಡಿ.

ರೋಲು: ಇಲ್ಫೋರ್ಡ್ ಎಚ್‌ಪಿ5 ಪ್ಲಸ್, 400 ಐಎಸ್‌ಒ (ಫಿಲ್ಮ್ ಬೆಳಕಿಗೆ ಎಷ್ಟು ಚುರುಕು ಎಂಬ ಅಳತೆ). ತಪ್ಪುಗಳನ್ನು ಇದರಷ್ಟು ಸಹಿಸುವ ಫಿಲ್ಮ್ ಕಡಿಮೆ. ಅಗ್ಗದಲ್ಲಿ ಬೇಕಿದ್ದರೆ ಕೆಂಟ್ಮಿಯರ್ 400. ಹಳೆಯ ಸ್ಟುಡಿಯೋ ಕಪಾಟುಗಳಲ್ಲಿ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ ‘ಇಂದು’ ರೋಲು ಸಿಕ್ಕರೆ ನೆನಪಿಗೆ ಇಟ್ಟುಕೊಳ್ಳಿ, ಕಲಿಯಲು ಬಳಸಬೇಡಿ. ವಯಸ್ಸಾದ ಫಿಲ್ಮಿಗೆ ಮಬ್ಬು ಕವಿದಿರುತ್ತದೆ, ತಪ್ಪು ನಿಮ್ಮದೋ ಫಿಲ್ಮಿನದೋ ಗೊತ್ತಾಗುವುದಿಲ್ಲ. ರೋಲು ಹಾಕಿದ ಮೇಲೆ ಫಿಲ್ಮ್ ಮುಂದಕ್ಕೆ ಸರಿಸುವ ಲಿವರ್ ಎಳೆಯುವಾಗ ಎಡಗಡೆಯ ರಿವೈಂಡ್ ಗುಂಡಿ ತಾನೂ ತಿರುಗುತ್ತಿದೆಯೇ ನೋಡಿ. ತಿರುಗದಿದ್ದರೆ ಫಿಲ್ಮ್ ಸಿಕ್ಕಿಕೊಂಡಿಲ್ಲ, 36 ಫೋಟೋ ತೆಗೆದರೂ ಒಂದೂ ಇರುವುದಿಲ್ಲ.

ಬೆಳಕಿನ ವಿಷಯದಲ್ಲಿ ನಮ್ಮ ಬಯಲುಸೀಮೆಯವರು ಪುಣ್ಯವಂತರು. ನೆತ್ತಿಯ ಬಿಸಿಲಿಗೆ ಮೀಟರೇ ಬೇಡ: ಲೆನ್ಸಿನ ಬೆಳಕಿನ ಕಿಂಡಿಯನ್ನು ಎಫ್/16ಕ್ಕೆ ಇಟ್ಟು, ಐಎಸ್‌ಒಗೆ ಹತ್ತಿರದ ಶಟರ್ ವೇಗ ಕೊಡಿ. 400ರ ಫಿಲ್ಮಿಗೆ 1/500. ತೆಳುಮೋಡಕ್ಕೆ ಎಫ್/11, ನೆರಳೇ ಬೀಳದಷ್ಟು ಮೋಡ ಮುಚ್ಚಿದರೆ ಎಫ್/5.6. ಮೀಟರ್ ಮೋಸ ಹೋಗುವ ಜಾಗಗಳನ್ನು ಮಾತ್ರ ತಿಳಿದಿರಬೇಕು. ಅದು ಎದುರಿಗೆ ಕಂಡದ್ದೆಲ್ಲ ನಡುಬೂದು ಎಂದೇ ಲೆಕ್ಕ ಹಾಕುತ್ತದೆ. ಬಿಳಿ ಪಂಚೆ, ಬಿಳಿ ಶರ್ಟಿನ ಹಿರಿಯರನ್ನು ತೆಗೆದರೆ ಮುಖ ಕಪ್ಪಾಗುವುದು ಅದಕ್ಕೇ. ಅಂಥಲ್ಲಿ ಒಂದು ಸ್ಟಾಪ್ ಹೆಚ್ಚು, ಅಂದರೆ ಎರಡರಷ್ಟು ಬೆಳಕು ಕೊಡಿ. ಮಧುಗಿರಿಯ ಏಕಶಿಲಾ ಬೆಟ್ಟವನ್ನು ಆಕಾಶ ಸೇರಿಸಿ ಅಳೆದರೆ ಬಂಡೆ ಮಸಿಯಾಗುತ್ತದೆ. ಕ್ಯಾಮೆರಾ ಕೆಳಗೆ ಬಾಗಿಸಿ, ಬಂಡೆಯನ್ನಷ್ಟೇ ಅಳೆದು, ಆ ಲೆಕ್ಕ ಹಾಗೇ ಇಟ್ಟುಕೊಂಡು ಮತ್ತೆ ಎತ್ತಿ. ಲೆನ್ಸಿಗೆ 49 ಎಂ.ಎಂ.ನ ಕಿತ್ತಳೆ ಫಿಲ್ಟರ್ ಹಾಕಿದರೆ ನೀಲಿ ಆಕಾಶ ಗಾಢವಾಗಿ, ಬಂಡೆಯ ಮೇಲೆ ಮಳೆನೀರು ಇಳಿದ ಕಪ್ಪು ಪಟ್ಟೆಗಳೂ ಬಿಡಿಬಿಡಿಯಾಗಿ ಕಾಣುತ್ತವೆ. ಮೀಟರ್ ಲೆನ್ಸಿನ ಮೂಲಕವೇ ಅಳೆಯುವುದರಿಂದ ಬೇರೆ ಲೆಕ್ಕ ಮಾಡಬೇಕಿಲ್ಲ.

ಅನುಮಾನ ಬಂದಾಗ ಬೆಳಕು ಹೆಚ್ಚೇ ಕೊಡಿ. ನೆಗೆಟಿವ್ ಫಿಲ್ಮಿನಲ್ಲಿ ಬೆಳಕು ಹೆಚ್ಚಿದಂತೆ ಬೆಳ್ಳಿಯ ಕಪ್ಪು ನಿಧಾನವಾಗಿ ಏರುತ್ತ ಹೋಗುತ್ತದೆ, ಫಕ್ಕನೆ ಮುಗಿದುಹೋಗುವುದಿಲ್ಲ. ಒಂದೆರಡು ಸ್ಟಾಪ್ ಜಾಸ್ತಿಯಾದ ಬಿಳಿ ಗೋಡೆಯಲ್ಲೂ ಸುಣ್ಣದ ಗೆರೆ ಉಳಿದಿರುತ್ತದೆ. ಕಡಿಮೆಯಾದರೆ ಮಾತ್ರ ಉಪಾಯವಿಲ್ಲ: ಸಾಕಷ್ಟು ಬೆಳಕು ತಾಗದ ಬೆಳ್ಳಿಯ ಹರಳು ಡೆವಲಪರಿನಲ್ಲಿ (ಚಿತ್ರ ಮೂಡಿಸುವ ದ್ರಾವಣ) ಕಪ್ಪಾಗುವುದೇ ಇಲ್ಲ, ಆ ಜಾಗ ಗಾಜಿನಂತೆ ಖಾಲಿ. ಡಿಜಿಟಲ್‌ನಲ್ಲಿ ಪಳಗಿದ ಕೈಗೆ ಇದು ತಲೆಕೆಳಗು, ಅದಕ್ಕೇ ಮೊದಲ ರೋಲುಗಳು ತೆಳುವಾಗುವುದು.

ದೇವಸ್ಥಾನದ ಒಳಗೆ, ನಂದಿ ಗ್ರಾಮದ ಭೋಗನಂದೀಶ್ವರದಂಥ ಕಡೆ, ಟ್ರೈಪಾಡ್‌ಗೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ಕಂಬಕ್ಕೆ ಒರಗಿ, ಉಸಿರು ಬಿಟ್ಟು ನಿಲ್ಲಿಸಿ 1/15ರಲ್ಲಿ ಒತ್ತಿದರೆ ಬರುತ್ತದೆ. ಎಲ್ಲಾದರೂ ಕ್ಯಾಮೆರಾ ಕೆಳಗಿಟ್ಟು ಸೆಕೆಂಡುಗಟ್ಟಲೆ ತೆರೆಯುವಂತಿದ್ದರೆ ನೆನಪಿರಲಿ, ಒಂದು ಸೆಕೆಂಡ್ ದಾಟಿದ ಮೇಲೆ ಫಿಲ್ಮ್ ಬೆಳಕಿಗೆ ಮಂದವಾಗುತ್ತದೆ. ಎಚ್‌ಪಿ5ರಲ್ಲಿ ಮೀಟರ್ 10 ಸೆಕೆಂಡ್ ಎಂದರೆ ಸುಮಾರು 20 ಸೆಕೆಂಡ್ ಕೊಡಬೇಕು. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಂಥ ಮಬ್ಬು ಬೆಳಕಿನ ಗಡಿಬಿಡಿಗೆ ಇಡೀ ರೋಲನ್ನು 1600 ಐಎಸ್‌ಒ ಎಂದು ಲೆಕ್ಕ ಹಾಕಿ ತೆಗೆದು, ಡೆವಲಪರಿನಲ್ಲಿ ಹೆಚ್ಚು ಹೊತ್ತು ಇಡಬಹುದು. ಗೂಡಿನ ಬಿಳಿ ಚೆನ್ನಾಗಿ ಹೊಳೆಯುತ್ತದೆ, ನೆರಳುಗಳು ಮಾತ್ರ ಹೋಗುತ್ತವೆ.

ಈಗ ತೊಳೆಯುವುದು. ಡಾರ್ಕ್‌ರೂಮ್ ಬೇಡ. ಚೇಂಜಿಂಗ್ ಬ್ಯಾಗ್ (ಕೈ ತೂರಿಸಿ ಕೆಲಸ ಮಾಡುವ, ಬೆಳಕು ನುಗ್ಗದ ಚೀಲ), ಒಂದು ಪ್ಲಾಸ್ಟಿಕ್ ಟ್ಯಾಂಕು ಮತ್ತು ರೀಲು, ಥರ್ಮಾಮೀಟರ್, ಅಳತೆ ಲೋಟ, ಎರಡು ಕಂದು ಬಾಟಲಿ, ಇಷ್ಟು ಸಾಕು. ಯಾವುದೂ ಅಡುಗೆಮನೆಗೆ ವಾಪಸ್ ಹೋಗಬಾರದು. ಹಾಳಾದ ಒಂದು ಹಳೆಯ ರೋಲಿನಲ್ಲಿ ರೀಲಿಗೆ ಸುತ್ತುವುದನ್ನು ಮೊದಲು ಬೆಳಕಿನಲ್ಲಿ, ಆಮೇಲೆ ಕಣ್ಣುಮುಚ್ಚಿ, ಆಮೇಲೆ ಬ್ಯಾಗಿನೊಳಗೆ ಅಭ್ಯಾಸ ಮಾಡಿ. ರೀಲು ಒಣಗಿರಲೇಬೇಕು. ಬೇಸಿಗೆಯಲ್ಲಿ ಬ್ಯಾಗಿನೊಳಗೆ ಕೈ ಬೆವರಿ, ತೇವಕ್ಕೆ ಫಿಲ್ಮ್ ಅರ್ಧದಲ್ಲೇ ಅಂಟಿ ನಿಲ್ಲುತ್ತದೆ. ಆಗ ಜಗ್ಗಬೇಡಿ. ಫಿಲ್ಮನ್ನು ಟ್ಯಾಂಕಿಗೆ ಹಾಗೇ ಹಾಕಿ ಮುಚ್ಚಿ, ಕೈ ಆಚೆ ತೆಗೆದು ಆರಿಸಿಕೊಂಡು ಮತ್ತೆ ಶುರು ಮಾಡಿ.

ಡೆವಲಪರ್ ಡಿ-76. ಪುಡಿಯ ಪ್ಯಾಕೆಟ್ ಆನ್‌ಲೈನ್‌ನಲ್ಲಿ ಸಿಗುತ್ತದೆ, ತೂಕದ ಯಂತ್ರವಿದ್ದರೆ ನೀವೇ ಕಲಸಬಹುದು: 50 ಡಿಗ್ರಿಯ 750 ಮಿ.ಲೀ. ನೀರಿಗೆ ಒಂದು ಚಿಟಿಕೆ ಸೋಡಿಯಂ ಸಲ್ಫೈಟ್, 2 ಗ್ರಾಂ ಮೆಟಾಲ್, ಉಳಿದ ಸಲ್ಫೈಟ್ (ಒಟ್ಟು 100 ಗ್ರಾಂ), 5 ಗ್ರಾಂ ಹೈಡ್ರೋಕ್ವಿನೋನ್, 2 ಗ್ರಾಂ ಬೋರಾಕ್ಸ್. ಒಂದು ಕರಗಿದ ಮೇಲೇ ಇನ್ನೊಂದು. ಕೊನೆಗೆ ನೀರು ಸೇರಿಸಿ 1 ಲೀಟರ್ ಮಾಡಿ. ಕೆಮಿಕಲ್ ಅಂಗಡಿಯಲ್ಲಿ ಸಲ್ಫೈಟ್ ಕೇಳಿದರೆ ಸಲ್ಫೇಟ್ ಕೊಟ್ಟುಬಿಡುವುದುಂಟು, ಡಬ್ಬಿಯ ಮೇಲಿನ ಹೆಸರು ಅಕ್ಷರ ಬಿಡದೆ ಓದಿ. ಮೆಟಾಲ್ ಕೆಲವರ ಚರ್ಮಕ್ಕೆ ಆಗುವುದಿಲ್ಲ, ಗ್ಲೌಸ್ ಹಾಕಿ. ಬಾಟಲಿ ತುಂಬಿದ್ದರೆ 6 ತಿಂಗಳು ಇರುತ್ತದೆ, ಅರ್ಧ ಖಾಲಿಯಾದರೆ 2 ತಿಂಗಳು.

ನಮ್ಮ ಬಯಲುಸೀಮೆಯಲ್ಲಿ ತೊಂದರೆ ಕೊಡುವುದು ಸೆಕೆ ಮತ್ತು ನೀರು. ಪುಸ್ತಕಗಳ ಲೆಕ್ಕವೆಲ್ಲ 20 ಡಿಗ್ರಿಗೆ. ಏಪ್ರಿಲ್‌ನಲ್ಲಿ ತಾರಸಿಯ ಸಿಂಟೆಕ್ಸ್ ನೀರು 30 ದಾಟಿರುತ್ತದೆ. ಎಚ್‌ಪಿ5ಕ್ಕೆ ಡಿ-76 ಹಾಗೇ ಹಾಕಿದರೆ 20 ಡಿಗ್ರಿಯಲ್ಲಿ 7 ನಿಮಿಷ 30 ಸೆಕೆಂಡ್. 24 ಡಿಗ್ರಿಗೆ ಅದು 5ರ ಆಸುಪಾಸಿಗೆ ಇಳಿಯುತ್ತದೆ. 5 ನಿಮಿಷಕ್ಕಿಂತ ಕಡಿಮೆಯಾದರೆ ಸುರಿಯುವ, ಬಸಿಯುವ ಸೆಕೆಂಡುಗಳಲ್ಲೇ ಏರುಪೇರಾಗಿ ಆಕಾಶದಲ್ಲಿ ಪಟ್ಟೆ ಬೀಳುತ್ತದೆ. ಅದಕ್ಕೇ ಇಲ್ಲಿ ಸಮಪಾಲು ನೀರು ಬೆರೆಸಿ ಬಳಸುವುದು ಕ್ಷೇಮ: ಒಂದು ರೋಲಿನ ಟ್ಯಾಂಕಿಗೆ 150 ಮಿ.ಲೀ. ಡೆವಲಪರ್, 150 ಮಿ.ಲೀ. ನೀರು, 20 ಡಿಗ್ರಿಯಲ್ಲಿ 11 ನಿಮಿಷ, 24ರಲ್ಲಿ ಸುಮಾರು ಏಳೂವರೆ. ಬಳಸಿದ್ದನ್ನು ಚೆಲ್ಲಿಬಿಡಿ. 1600ಕ್ಕೆ ತೆಗೆದ ರೋಲಿಗೆ ಮಾತ್ರ ನೀರು ಬೆರೆಸದೆ, 20 ಡಿಗ್ರಿಯಲ್ಲಿ ಹನ್ನೆರಡೂವರೆಯಿಂದ 13 ನಿಮಿಷ. ಬಾಟಲಿಗಳನ್ನೂ ತೊಳೆಯುವ ನೀರನ್ನೂ ಒಂದೇ ಟಬ್ಬಿನ ನೀರಿನಲ್ಲಿ ನಿಲ್ಲಿಸಿ, ಆ ಟಬ್ಬಿಗೆ ಫ್ರೀಜರಿನಲ್ಲಿ ಹೆಪ್ಪುಗಟ್ಟಿಸಿದ ನೀರಿನ ಬಾಟಲಿ ಇಳಿಬಿಡಿ. ಐಸನ್ನು ಡೆವಲಪರಿಗೇ ಹಾಕಬೇಡಿ, ಅಳತೆ ಕೆಡುತ್ತದೆ. ಎಲ್ಲ ದ್ರವಗಳೂ ಒಂದೇ ಬಿಸಿಯಲ್ಲಿರುವುದು ಮುಖ್ಯ. ತಣ್ಣನೆಯ ಡೆವಲಪರಿನಿಂದ ನೇರ ಬಿಸಿ ನೀರಿಗೆ ಹೋದರೆ ಜೆಲಟಿನ್ ಸುಕ್ಕುಗಟ್ಟಿ ಚಿತ್ರ ಬಿರುಕು ಬಿಟ್ಟಂತಾಗಬಹುದು.

ಡೆವಲಪರ್ ಸುರಿದೊಡನೆ ಟ್ಯಾಂಕನ್ನು ನೆಲಕ್ಕೆ ಕುಟ್ಟಿ, ಗುಳ್ಳೆ ಬಿಡಲಿ. ಮೊದಲ 10 ಸೆಕೆಂಡ್ 4 ಸಲ ತಲೆಕೆಳಗು ಮಾಡಿ, ಆಮೇಲೆ ಪ್ರತಿ ನಿಮಿಷದ ಶುರುವಿಗೆ ಅದೇ 4 ಸಲ. ಬಸಿದು, ನೀರಿನಲ್ಲಿ ಒಮ್ಮೆ ಜಾಲಿಸಿ, ಹೈಪೋ (ಮೂಡಿದ ಚಿತ್ರವನ್ನು ನಿಲ್ಲಿಸುವ ದ್ರಾವಣ) ಹಾಕಿ. ಹೈಪೋ ಎಷ್ಟು ಹೊತ್ತು ಎಂಬುದಕ್ಕೆ ಕತ್ತರಿಸಿದ ಫಿಲ್ಮ್ ತುದಿಯೇ ಸಾಕ್ಷಿ: ಅದನ್ನು ಹೈಪೋದಲ್ಲಿ ಅದ್ದಿ, ಪಾರದರ್ಶಕವಾಗಲು ಹಿಡಿದ ಸಮಯದ ಎರಡರಷ್ಟು ಕೊಡಿ. ತೊಳೆಯಲು ನಲ್ಲಿ ಬಿಟ್ಟು ಕೂರುವ ಕಾಲ ಇದಲ್ಲ. ಟ್ಯಾಂಕು ತುಂಬಿ 5 ಸಲ ತಿರುಗಿಸಿ ಚೆಲ್ಲಿ, ಮತ್ತೆ ತುಂಬಿ 10 ಸಲ, ಮತ್ತೆ ತುಂಬಿ 20 ಸಲ. ಒಂದು ಲೀಟರಿನೊಳಗೆ ಕೆಲಸ ಮುಗಿಯುತ್ತದೆ. ಕೊನೆಯ ಅದ್ದು ಮಾತ್ರ ಬೋರ್‌ವೆಲ್ ನೀರಿನಲ್ಲಿ ಬೇಡ. ನಮ್ಮ ಗಡಸು ನೀರು ಆರಿದ ಮೇಲೆ ಫಿಲ್ಮಿನ ಮೇಲೆ ಸುಣ್ಣದ ಕಲೆ ಬಿಡುತ್ತದೆ, ಆಕಾಶವಿರುವ ಫೋಟೋದಲ್ಲಿ ಅದು ಎದ್ದು ಕಾಣುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಉತ್ತಮ, ಊರಿನ ಶುದ್ಧ ನೀರಿನ ಘಟಕದ ನೀರೂ ನಡೆಯುತ್ತದೆ. ಅದಕ್ಕೆ ವೆಟಿಂಗ್ ಏಜೆಂಟ್ (ನೀರು ಹನಿಗಟ್ಟದೆ ಜಾರಿಹೋಗುವಂತೆ ಮಾಡುವ ದ್ರವ) ಒಂದೇ ತೊಟ್ಟು. ಆಮೇಲೆ ಬಚ್ಚಲುಮನೆಯಲ್ಲಿ ಬಿಸಿನೀರು ಬಿಟ್ಟು ಆವಿಯಲ್ಲಿ ಧೂಳು ಕೂತ ಮೇಲೆ, ಕೆಳತುದಿಗೆ ಬಟ್ಟೆ ಕ್ಲಿಪ್ ಹಾಕಿ ನೇತುಹಾಕಿ. ಫ್ಯಾನ್ ಹಾಕಬೇಡಿ. ಕೆಮ್ಮಣ್ಣಿನ ಧೂಳು ಒದ್ದೆ ಜೆಲಟಿನ್‌ಗೆ ಹತ್ತಿದರೆ ಬಿಡುವುದಿಲ್ಲ. ಬಳಸಿದ ಹೈಪೋದಲ್ಲಿ ಬೆಳ್ಳಿ ಇರುತ್ತದೆ, ಗಿಡದ ಬುಡಕ್ಕಾಗಲಿ ಬಾವಿಯ ಹತ್ತಿರವಾಗಲಿ ಸುರಿಯಬೇಡಿ.

ಒಣಗಿದ ಪಟ್ಟಿಯನ್ನು ಕಿಟಕಿಗೆ ಹಿಡಿದು ಓದಿ. ಫಿಲ್ಮಿನ ಅಂಚಿನಲ್ಲಿ ಕಂಪನಿ ಮೊದಲೇ ಮೂಡಿಸಿರುವ ಹೆಸರು, ಸಂಖ್ಯೆಗಳಿರುತ್ತವೆ, ಅವೇ ನಿಮ್ಮ ಅಳತೆಗೋಲು. ಅಂಚಿನ ಅಕ್ಷರ ಕಪ್ಪಗಿದ್ದು ಚಿತ್ರ ತೆಳುವಾಗಿದ್ದರೆ ಬೆಳಕು ಕಡಿಮೆ ಕೊಟ್ಟಿದ್ದೀರಿ. ಅಕ್ಷರವೂ ತೆಳುವಾಗಿದ್ದರೆ ಡೆವಲಪರ್ ಸಾಲದಾಯಿತು ಅಥವಾ ಹಳಸಿದೆ. ಅಕ್ಷರವಿದೆ, ಚಿತ್ರವೇ ಇಲ್ಲ ಎಂದರೆ ಫಿಲ್ಮ್ ಮುಂದಕ್ಕೆ ಸರಿದಿಲ್ಲ ಅಥವಾ ಶಟರ್ ತೆರೆದಿಲ್ಲ. ಅಕ್ಷರವೂ ಇಲ್ಲದ ಖಾಲಿ ಪಟ್ಟಿಯಾದರೆ ಹೈಪೋ ಮೊದಲು ಬಿದ್ದಿದೆ ಅಥವಾ ಡೆವಲಪರ್ ಸತ್ತಿದೆ. ಹಾಲಿನಂಥ ಮಬ್ಬಿದ್ದರೆ ಹೈಪೋ ಸಾಲಲಿಲ್ಲ, ಈಗಲೂ ಮತ್ತೆ ಹಾಕಿ ತೊಳೆದರೆ ಸರಿಹೋಗುತ್ತದೆ. ಅರ್ಧಚಂದ್ರದ ಗುರುತು ರೀಲಿಗೆ ಸುತ್ತುವಾಗ ಫಿಲ್ಮ್ ಮಡಚಿದ್ದರಿಂದ, ದುಂಡು ಖಾಲಿ ಚುಕ್ಕಿ ಗುಳ್ಳೆಯಿಂದ. ಫೋನ್ ಒಳಗೊಳಗೇ ತೀರ್ಮಾನ ಮಾಡಿ ಮುಚ್ಚಿಡುವುದನ್ನೆಲ್ಲ ಇದು ಬಿಚ್ಚಿ ತೋರಿಸುತ್ತದೆ. ಕೈಗೆ ಕೆಲಸ ಹತ್ತುವ ಈ ಖುಷಿ ನನಗೆ ಬೇರೆ ಯಾವ ಕ್ಯಾಮೆರಾದಲ್ಲೂ ಸಿಕ್ಕಿಲ್ಲ.

ಬಣ್ಣದ ರೋಲನ್ನು ಸದ್ಯಕ್ಕೆ ಬೆಂಗಳೂರಿನ ಲ್ಯಾಬಿಗೆ ಕಳಿಸಿ. ಅದರ ಡೆವಲಪರ್ 38 ಡಿಗ್ರಿಯಲ್ಲಿ 3 ನಿಮಿಷ 15 ಸೆಕೆಂಡ್, ಅರ್ಧ ಡಿಗ್ರಿಯೂ ಅಲುಗಬಾರದು. ಅಗ್ಗವೆಂದು ಸಿನಿಮಾ ಫಿಲ್ಮನ್ನು ಕತ್ತರಿಸಿ ತುಂಬಿದ ರೋಲು ಕೊಳ್ಳುವ ಮುನ್ನ ಹಿಂಬದಿಯಲ್ಲಿ ಕಪ್ಪು ರೆಮ್‌ಜೆಟ್ ಪದರವಿದೆಯೇ ಎಂದು ಮಾರುವವರನ್ನು ಕೇಳಿ. ಇದ್ದರೆ ಸಾಮಾನ್ಯ ಲ್ಯಾಬಿನವರು ಮುಟ್ಟುವುದಿಲ್ಲ, ಅದು ಅವರ ಯಂತ್ರದ ದ್ರವವನ್ನೆಲ್ಲ ಕೆಡಿಸುತ್ತದೆ. ಕಪ್ಪು-ಬಿಳುಪನ್ನು ಸ್ಕ್ಯಾನ್ ಮಾಡಲು ಸಮನಾದ ಬಿಳಿ ಎಲ್‌ಇಡಿ ಫಲಕದ ಮೇಲೆ ನೆಗೆಟಿವ್ ಇಟ್ಟು, ಮ್ಯಾಕ್ರೋ ಲೆನ್ಸಿನ ಡಿಜಿಟಲ್ ಕ್ಯಾಮೆರಾದಲ್ಲಿ ನೇರ ಮೇಲಿನಿಂದ ತೆಗೆದು, ಕಪ್ಪನ್ನು ಬಿಳಿಗೆ ಬಿಳಿಯನ್ನು ಕಪ್ಪಿಗೆ ತಿರುವುಮುರುವು ಮಾಡಿದರೆ ಸಾಕು. ಪಟ್ಟಿಯನ್ನು ಆರಾರು ಫ್ರೇಮಿಗೆ ಕತ್ತರಿಸಿ, ನೆಗೆಟಿವ್ ಹಾಳೆಗಳಲ್ಲಿ ಹಾಕಿ, ತಾರೀಖು, ಡೆವಲಪರ್, ಬಿಸಿ, ಸಮಯ ನಾಲ್ಕನ್ನೂ ಹಾಳೆಯ ಮೇಲೇ ಬರೆದಿಡಿ. ಮುಂದಿನ ರೋಲಿನ ಲೆಕ್ಕಕ್ಕೆ ಅವೇ ಬೇಕಾಗುವುದು.