ತರಗೆಲೆ ಮಣ್ಣಿನ ಮೇಲಿರಲಿ, ಒಳಗೆ ಬೇಡ

ತರಗೆಲೆಯನ್ನು ಮಣ್ಣಿಗೆ ಬೆರೆಸಿ ಟೊಮೆಟೊ, ಮೆಣಸಿನ ಸಸಿ ನೆಡಬಹುದಾ ಅಥವಾ ಮೇಲೆ ಹಾಸಬೇಕಾ ಅಂತ ಕೇಳಿದ್ದೀರಿ. ಮೇಲೆ ಹಾಸಿ. ನೆಡುವ ಹೊತ್ತಲ್ಲಿ ಬೆರೆಸುವುದು ಬೇಡವೇ ಬೇಡ.

ನಾನೂ ಮೊದಲ ಸಲ ಇದನ್ನೇ ಮಾಡಿದ್ದೆ. ಎಲೆ ಹೇಗೂ ಕೊಳೆತು ಗೊಬ್ಬರ ಆಗುತ್ತಲ್ವಾ ಅಂತ ಎರಡು ಚೀಲ ಒಣ ಎಲೆಯನ್ನು ಮಡಿಗೆ ಸೇರಿಸಿ ಅಗೆದು ಮರುದಿನವೇ ಸಸಿ ನೆಟ್ಟೆ. ಹದಿನೈದು ದಿನವಾದರೂ ಒಂದೂ ಮೇಲೇಳಲಿಲ್ಲ, ಕೆಳಗಿನ ಎಲೆಗಳೆಲ್ಲ ಹಳದಿ. ನೀರು ಸಾಲಲಿಲ್ಲವೇನೋ ಅಂತ ಇನ್ನಷ್ಟು ಸುರಿದೆ, ಅದು ಬೇರೆ! ಒಣ ಎಲೆಯಲ್ಲಿ ಇಂಗಾಲ ಜಾಸ್ತಿ, ಸಾರಜನಕ ಕಮ್ಮಿ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ತಮಗೆ ಬೇಕಾದ ಸಾರಜನಕವನ್ನು ಮಣ್ಣಿನಿಂದ ಎಳೆದುಕೊಳ್ಳುತ್ತವೆ, ಸಸಿಗೆ ಕೊರತೆ ಬೀಳುತ್ತದೆ. ಮರದ ಹೊಟ್ಟು ಬೆರೆಸಿದರೂ ಇದೇ ಕಥೆ. ಮೇಲೆ ಹಾಸಿದರೆ ಈ ಎಳೆದಾಟ ಮೇಲ್ಪದರದಲ್ಲೇ ಮುಗಿಯುತ್ತದೆ, ಬೇರಿನ ತಂಟೆಗೆ ಬರುವುದಿಲ್ಲ.

ಮಣ್ಣಿನೊಳಗೆ ಹೋಗಬೇಕಾದ್ದು ಪೂರ್ತಿ ಕಳಿತ ಗೊಬ್ಬರ. ಸುಮಾರು 2 ಇಂಚು ಹರಡಿ, ಮೇಲಿನ 6–8 ಇಂಚು ಮಣ್ಣಿಗೆ ಬೆರೆಸಿ. ಮುಟ್ಟಿದರೆ ಬೆಚ್ಚಗಿದೆ, ಇನ್ನೂ ಸಗಣಿ ವಾಸನೆ ಬರುತ್ತಿದೆ ಅಂದರೆ ಕಾಯಿರಿ, ಹಸಿ ಗೊಬ್ಬರ ಎಳೆ ಬೇರನ್ನು ಸುಡುತ್ತದೆ. ಅಗೆಯುವ ಮುಂಚೆ ಒಂದು ಹಿಡಿ ಮಣ್ಣನ್ನು ಅದುಮಿ ನೋಡಿ. ಉಂಡೆಯನ್ನು ಬೆರಳಿಂದ ತಟ್ಟಿದರೆ ಒಡೆಯಬೇಕು. ಅಂಟಂಟಾಗಿದ್ದರೆ ಗುದ್ದಲಿ ಮುಟ್ಟಲೇಬೇಡಿ, ಆಮೇಲೆ ಒಣಗಿ ಇಟ್ಟಿಗೆಯಂಥ ಹೆಂಟೆ ಆಗುತ್ತದೆ.

ನೆಡುವುದು ಸಂಜೆಗೆ. ಟೊಮೆಟೊ ಕಾಂಡವನ್ನು ಸ್ವಲ್ಪ ಆಳಕ್ಕೆ ಹೂತರೆ ಅಲ್ಲೂ ಬೇರು ಬಿಡುತ್ತದೆ. ಮೆಣಸಿನ ಸಸಿಗೆ ಟ್ರೇಯಲ್ಲಿದ್ದಷ್ಟೇ ಆಳ ಸಾಕು.

ಮೊದಲು ಚೆನ್ನಾಗಿ ನೀರು ಕೊಡಿ, ಆಮೇಲೆ ಎಲೆ ಹಾಸಿ. ಒಣ ಮಣ್ಣಿನ ಮೇಲೆ ದಪ್ಪಗೆ ಹಾಸಿದರೆ ಹಗುರವಾಗಿ ಹಾಕಿದ ನೀರೆಲ್ಲ ಎಲೆಗೇ ಹೋಗುತ್ತದೆ. 2–3 ಇಂಚು ದಪ್ಪ ಸಾಕು. ಕಾಂಡದ ಸುತ್ತ ಎರಡು ಇಂಚು ಜಾಗ ಬಿಡಲೇಬೇಕು, ತಾಗಿಕೊಂಡೇ ಇದ್ದರೆ ತೇವಕ್ಕೆ ಬುಡ ಕೊಳೆಯುತ್ತದೆ. ಅಗಲ ಎಲೆಗಳನ್ನು ಕೈಯಲ್ಲೇ ಪುಡಿ ಮಾಡಿ, ಇಲ್ಲದಿದ್ದರೆ ಒಂದಕ್ಕೊಂದು ಅಂಟಿ ಚಾಪೆಯಾಗಿ ನೀರು ಇಳಿಯುವುದಿಲ್ಲ. ಬಸವನಹುಳುವಿನ ಕಾಟ ಇದ್ದರೆ ಸಸಿ ಚಿಗುರುವ ತನಕ ತೆಳ್ಳಗೆ ಹಾಕಿ, ಹಗಲೆಲ್ಲ ಅವು ಅಡಗುವುದೇ ಅದರ ಕೆಳಗೆ.

ಬೆಳೆ ಮುಗಿಯುವಷ್ಟರಲ್ಲಿ ಎಲೆ ಅರ್ಧಕ್ಕರ್ಧ ಕಳಿತಿರುತ್ತದೆ. ಮುಂದಿನ ಸಸಿಗೆ ಒಂದೆರಡು ತಿಂಗಳು ಬಿಡುವಿದ್ದರೆ ಆಗ ಬೇಕಾದರೆ ಅಗೆದು ಸೇರಿಸಿ.