ಮೂರು ಕೋಣೆ, ಒಂದೇ ಹಾಡು: ತಾಳ ತಪ್ಪುವುದೆಲ್ಲಿ?

ಪ್ರಶ್ನೆ: ಹಾಲ್, ಅಡುಗೆಮನೆ, ಮಲಗುವ ಕೋಣೆ, ಮೂರೂ ಕಡೆ ಒಂದೇ ಹಾಡು ಕೇಳಬೇಕೆಂಬ ಆಸೆ. ನನ್ನ ಹತ್ತಿರ ಹಳೆಯ ಆಂಪ್ಲಿಫೈಯರ್, ಅದರ ದೊಡ್ಡ ಸ್ಪೀಕರ್ ಜೋಡಿ ಮತ್ತು ಎರಡು ಬ್ಲೂಟೂತ್ ಸ್ಪೀಕರ್ ಇವೆ. ಎರಡು ಫೋನ್‌ಗಳಲ್ಲಿ ಒಂದೇ ಹಾಡನ್ನು ಒಟ್ಟಿಗೆ ಹಾಕಿ ನೋಡಿದೆ. ಬಾಗಿಲಲ್ಲಿ ನಿಂತರೆ ಬಾವಿಯೊಳಗಿಂದ ಹಾಡಿದ ಹಾಗೆ ಕೇಳುತ್ತದೆ. ಎಲ್ಲವನ್ನೂ ಹೊಸದಾಗಿ ಕೊಳ್ಳಬೇಕಾ?

ಉತ್ತರ: ಬೇಡ. ಆ ಹಳೆಯ ಆಂಪ್ಲಿಫೈಯರನ್ನೂ ದೊಡ್ಡ ಸ್ಪೀಕರ್‌ಗಳನ್ನೂ ದಯವಿಟ್ಟು ಮಾರಬೇಡಿ. ನಿಮ್ಮ ಹತ್ತಿರ ಇರುವುದರಲ್ಲಿ ಅವೇ ಒಳ್ಳೆಯವು. ನಿಮ್ಮಲ್ಲಿ ಇಲ್ಲದಿರುವುದು ಎಲ್ಲ ಕೋಣೆಗಳಿಗೂ ಒಂದೇ ತಾಳ ಹಾಕುವ ವ್ಯವಸ್ಥೆ.

ಬಾವಿಯ ಸದ್ದು ಎಲ್ಲಿಂದ ಬಂತು ನೋಡಿ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಐದು ಮೀಟರ್ ಆಚೆ ಇರುವ ಸ್ಪೀಕರ್‌ನ ಸದ್ದು ನಿಮ್ಮನ್ನು ತಲುಪಲು ಸುಮಾರು 15 ಮಿಲಿಸೆಕೆಂಡ್ ಬೇಕು. ಅಷ್ಟು ತಡವನ್ನು ಕಿವಿ ಲೆಕ್ಕಕ್ಕೇ ಇಡುವುದಿಲ್ಲ, ಎರಡನ್ನೂ ಸೇರಿಸಿ ಒಂದೇ ಸದ್ದು ಎಂದು ಕೇಳುತ್ತದೆ. ಮೂವತ್ತು, ನಲವತ್ತು ಮಿಲಿಸೆಕೆಂಡ್ ದಾಟುತ್ತಿದ್ದಂತೆ ಸದ್ದು ಒಡೆಯಲು ಶುರುವಾಗುತ್ತದೆ. ಬ್ಲೂಟೂತ್ ಸ್ಪೀಕರ್‌ಗಳು ಸಾಮಾನ್ಯವಾಗಿ 100ರಿಂದ 200 ಮಿಲಿಸೆಕೆಂಡ್ ತಡ ಮಾಡುತ್ತವೆ. ಅದೂ ಒಂದೊಂದು ಒಂದೊಂದು ಥರ. ನಿಮ್ಮ ಬೆರಳು ಎಷ್ಟೇ ಸರಿಯಾಗಿ ಒತ್ತಿದರೂ ಅವು ಕೂಡುವುದಿಲ್ಲ.

ಒಮ್ಮೆ ಕೂಡಿಸಿದರೂ ಹಾಗೇ ಉಳಿಯುವುದಿಲ್ಲ, ಇದು ಬಹಳ ಜನರಿಗೆ ಗೊತ್ತಿರದ ವಿಷಯ. ಪ್ರತಿ ಸಾಧನದ ಒಳಗೂ ಒಂದು ಹರಳಿನ ಗಡಿಯಾರ ಇರುತ್ತದೆ. ಎರಡು ಗಡಿಯಾರಗಳ ನಡುವೆ ಹತ್ತು ಲಕ್ಷದಲ್ಲಿ 50 ಪಾಲು ವ್ಯತ್ಯಾಸ ಇದೆ ಅಂದುಕೊಳ್ಳಿ. ಕೇಳಲು ಏನೂ ಅಲ್ಲ ಅನ್ನಿಸುತ್ತದೆ, ಅಲ್ವಾ? ಒಂದು ಗಂಟೆ ಹಾಡಿದರೆ ಅದೇ 180 ಮಿಲಿಸೆಕೆಂಡ್ ಆಗುತ್ತದೆ. ಅದಕ್ಕೇ ಬಹುಕೋಣೆ ವ್ಯವಸ್ಥೆಯಲ್ಲಿ ಸರ್ವರ್, ಅಂದರೆ ಎಲ್ಲ ಕೋಣೆಗೂ ಹಾಡು ಕಳಿಸುವ ಸಾಧನ, ಹಾಡನ್ನು ಸಣ್ಣ ಸಣ್ಣ ತುಂಡು ಮಾಡಿ, ಪ್ರತಿ ತುಂಡಿಗೂ ‘ಇಷ್ಟು ಹೊತ್ತಿಗೆ ನುಡಿಸು’ ಎಂದು ಸಮಯ ಬರೆದು ಕಳಿಸುತ್ತದೆ. ಕೋಣೆಯ ಪ್ಲೇಯರ್ ಅದನ್ನು ಕೂಡಿಟ್ಟುಕೊಂಡು ಆ ಕ್ಷಣಕ್ಕೆ ಕಾಯುತ್ತದೆ. ತನ್ನ ಗಡಿಯಾರ ಮುಂದೆ ಓಡಿದರೆ ಅಥವಾ ಹಿಂದೆ ಬಿದ್ದರೆ ಕಿವಿಗೆ ತಿಳಿಯದಷ್ಟು ಸಣ್ಣ ಚೂರನ್ನು ಸೇರಿಸಿಯೋ ಬಿಟ್ಟೋ ಸರಿಮಾಡಿಕೊಳ್ಳುತ್ತದೆ. ಇಡೀ ದಿನ ಇದೇ ಕೆಲಸ.

ಈ ಕೆಲಸವನ್ನು ಆಪಲ್‌ನ ಏರ್‌ಪ್ಲೇ 2, ಗೂಗಲ್ ಕಾಸ್ಟ್‌ನ ಸ್ಪೀಕರ್ ಗುಂಪು, ಸೋನೋಸ್ ಕಂಪನಿಯ ಸ್ಪೀಕರ್ ಎಲ್ಲವೂ ಚೆನ್ನಾಗಿ ಮಾಡುತ್ತವೆ. ಹಾಡುಗಳು ನಿಮ್ಮದೇ ಕಂಪ್ಯೂಟರ್‌ನಲ್ಲಿದ್ದರೆ ಲಿರಿಯನ್ ಮ್ಯೂಸಿಕ್ ಸರ್ವರ್ ಅಥವಾ ಸ್ನ್ಯಾಪ್‌ಕಾಸ್ಟ್ ಎಂಬ ಸಾಫ್ಟ್‌ವೇರ್ ನೋಡಿ. ಎರಡೂ ಉಚಿತ. ಯಾವುದನ್ನೇ ಆರಿಸಿ, ಎಲ್ಲ ಕೋಣೆಗೂ ಅದೊಂದೇ ಇರಲಿ. ಹಾಲ್‌ಗೆ ಒಂದು, ಅಡುಗೆಮನೆಗೆ ಇನ್ನೊಂದು ತಂದರೆ ಅವು ಒಂದರ ಮಾತು ಇನ್ನೊಂದು ಕೇಳುವುದಿಲ್ಲ. ಪೆಟ್ಟಿಗೆಯ ಮೇಲೆ ಡಿಎಲ್‌ಎನ್‌ಎ (ಮನೆಯ ಸಾಧನಗಳು ಹಾಡು, ಚಿತ್ರ ಹಂಚಿಕೊಳ್ಳುವ ಒಂದು ಪದ್ಧತಿ) ಎಂದಿದ್ದರೆ ಸಾಲದು. ಹಾಡು ತಲುಪಿಸುವುದಷ್ಟೇ ಅದರ ಕೆಲಸ, ತಾಳ ಕೂಡಿಸುವುದಲ್ಲ.

ಹಳೆಯ ಆಂಪ್ಲಿಫೈಯರ್‌ಗೆ ಒಂದು ಸಣ್ಣ ಸ್ಟ್ರೀಮರ್, ಅಂದರೆ ನೆಟ್‌ವರ್ಕ್‌ನಿಂದ ಹಾಡು ಪಡೆದು ಆಂಪ್‌ಗೆ ಕೊಡುವ ಪೆಟ್ಟಿಗೆ, ಸಾಕು. ಕೈಕೆಲಸ ಇಷ್ಟವಿದ್ದರೆ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಮೇಲೆ ಒಂದು ಡಿಎಸಿ ಬೋರ್ಡ್ (ಡಿಜಿಟಲ್ ಹಾಡನ್ನು ಆಂಪ್‌ಗೆ ಬೇಕಾದ ಅನಲಾಗ್ ಸಿಗ್ನಲ್ ಮಾಡುವ ಹಲಗೆ) ಕೂರಿಸಿ. ಅದರ ವೈರನ್ನು ಆಂಪ್‌ನ ಹಿಂದೆ ‘ಆಕ್ಸ್’ ಅಥವಾ ‘ಸಿಡಿ’ ಎಂದಿರುವ ಕಡೆ ಸಿಕ್ಕಿಸಿ. ‘ಫೋನೋ’ ಎಂದಿರುವ ಕಡೆ ಮಾತ್ರ ಬೇಡ. ಅದು ಗ್ರಾಮಫೋನ್ ತಟ್ಟೆಗೆ ಮಾಡಿದ್ದು. ಅಲ್ಲಿ ಹಾಕಿದರೆ ಸದ್ದು ವಿಪರೀತ ಹೆಚ್ಚಾಗಿ ಒಡೆದುಹೋಗುತ್ತದೆ. ಬ್ಲೂಟೂತ್ ಸ್ಪೀಕರ್‌ಗಳಿಗೆ ಹೆಡ್‌ಫೋನ್ ಪಿನ್ನಿನ ತೂತು ಇದ್ದರೆ ಅವಕ್ಕೂ ಇದೇ ಉಪಾಯ. ಕೆಲವು ಸ್ಪೀಕರ್ ವೈರಲ್ಲಿ ಬಂದ ಸದ್ದಿಗೂ ಸ್ವಲ್ಪ ತಡ ಸೇರಿಸುತ್ತವೆ. ಸರ್ವರ್‌ನ ಸೆಟ್ಟಿಂಗ್‌ನಲ್ಲಿ ಕೋಣೆಗೊಂದರಂತೆ ಅದನ್ನು ಸರಿದೂಗಿಸಬಹುದು.

ಸರಿದೂಗಿಸುವಾಗ ಹಾಡು ಹಾಕಬೇಡಿ. ತಾಳ ಎಣಿಸುವ ಮೆಟ್ರೋನೋಮ್‌ನ ಟಿಕ್ ಟಿಕ್ ಸದ್ದು ಹಾಕಿ, ಎರಡು ಕೋಣೆಗಳ ನಡುವಿನ ಬಾಗಿಲಲ್ಲಿ, ಎರಡೂ ಸ್ಪೀಕರ್‌ಗೆ ಸಮದೂರದಲ್ಲಿ ನಿಲ್ಲಿ. ‘ಟಿಟಿಕ್’ ಎಂದು ಎರಡಾಗಿ ಕೇಳಿದರೆ, ಮೊದಲು ಟಿಕ್ ಬರುವ ಕೋಣೆಗೆ ಹತ್ತು ಹತ್ತು ಮಿಲಿಸೆಕೆಂಡ್ ತಡ ಸೇರಿಸುತ್ತಾ ಬನ್ನಿ. ಎರಡು ಟಿಕ್ ಹತ್ತಿರ ಹತ್ತಿರ ಬಂದು ಒಮ್ಮೆಲೇ ಒಂದಾಗುತ್ತವೆ. ಆ ಕ್ಷಣ ಸದ್ದು ಸ್ಪೀಕರ್‌ಗಳನ್ನು ಬಿಟ್ಟು ಬಾಗಿಲ ನಡುವೆ, ನಿಮ್ಮ ಎದುರಿಗೇ ಬಂದು ನಿಂತ ಹಾಗಿರುತ್ತದೆ. ಅಲ್ಲಿಗೆ ಸಾಕು.

ಇನ್ನು ವೈಫೈ. ಸಿಡಿ ಗುಣಮಟ್ಟದ ಸಂಗೀತಕ್ಕೆ ಸೆಕೆಂಡಿಗೆ 1,411 ಕಿಲೋಬಿಟ್ ಬೇಕು. ಮೂರು ಕೋಣೆಗೆ ಸೇರಿಸಿದರೂ ಐದು ಮೆಗಾಬಿಟ್ ದಾಟುವುದಿಲ್ಲ. ಹಾಗಾಗಿ ಜಾಸ್ತಿ ವೇಗದ ಇಂಟರ್ನೆಟ್ ತೆಗೆದುಕೊಂಡರೆ ಹಾಡು ನಿಂತು ನಿಂತು ಬರುವುದು ಸರಿಹೋಗುತ್ತದೆ ಎಂದು ನಂಬಬೇಡಿ. ಬೇಕಾದ್ದು ಸಿಗ್ನಲ್ ತಡೆಯಿಲ್ಲದೆ ಬರುವುದು. ರೂಟರನ್ನು ಬೀರುವಿನೊಳಗಿಂದ ಹೊರಗೆ ತೆಗೆಯಿರಿ. ಜಾಗ ಬದಲಿಸದ ಹಾಲ್‌ನ ಸ್ಟ್ರೀಮರ್‌ಗೆ ಲ್ಯಾನ್ ಕೇಬಲ್ಲೇ ಹಾಕಿ. ಅಡುಗೆಮನೆಯ ಸ್ಟ್ರೀಮರ್ 5 ಗಿಗಾಹರ್ಟ್ಸ್ ವೈಫೈನಲ್ಲಿರಲಿ. ಮೈಕ್ರೊವೇವ್ ಒಲೆ ಕೆಲಸ ಮಾಡುವುದು 2.4 ಗಿಗಾಹರ್ಟ್ಸ್ ಸುತ್ತಮುತ್ತ, ಏನಾದರೂ ಬಿಸಿ ಮಾಡಿದಾಗಲೆಲ್ಲ ಹಾಡು ತುಂಡಾಗುವುದು ಅದರಿಂದಲೇ ಇರಬಹುದು. ಸ್ಪೀಕರ್ ಆ್ಯಪ್‌ನಲ್ಲಿ ಕಾಣಿಸದಿದ್ದರೆ, ಫೋನ್ ಗೆಸ್ಟ್ ವೈಫೈಗೆ (ಅತಿಥಿಗಳಿಗೆಂದು ಬೇರೆಯಾಗಿ ಇಟ್ಟಿರುವುದಕ್ಕೆ) ಸೇರಿಕೊಂಡಿದೆಯಾ ಎಂದು ಮೊದಲು ನೋಡಿ.

ಪ್ರಶ್ನೆ: ಹೊಸ ಮನೆ ಕಟ್ಟುತ್ತಿದ್ದೇವೆ. ಎಲ್ಲವೂ ವೈಫೈ ಆಗಿರುವಾಗ ಗೋಡೆಯೊಳಗೆ ವೈರ್ ಎಳೆಸುವುದು ಸುಮ್ನೆ ದಂಡ ಅನ್ನುತ್ತಾರೆ. ನಿಜವಾ?

ಉತ್ತರ: ಖಂಡಿತ ಎಳೆಸಿ. ಗೋಡೆ ಮುಚ್ಚಿದ ಮೇಲೆ ಆಗದ ಕೆಲಸ ಅದೊಂದೇ. ಪ್ರತಿ ಕೋಣೆಗೂ ಕ್ಯಾಟ್ 6 ಎಂಬ ಲ್ಯಾನ್ ಕೇಬಲ್ ಮತ್ತು ಸ್ಪೀಕರ್ ವೈರ್ ಎರಡೂ ಹೋಗಲಿ, ಕರೆಂಟಿನ ಪೈಪಿನಲ್ಲಲ್ಲ, ಬೇರೆ ಪೈಪಿನಲ್ಲಿ. ವೈರಿನ ಎರಡೂ ತುದಿಗೆ ಕೋಣೆಯ ಹೆಸರು ಅಂಟಿಸಿ. ಆಮೇಲೆ ಒಂದೇ ಆಂಪ್‌ಗೆ ಎಲ್ಲ ಸ್ಪೀಕರ್‌ಗಳನ್ನೂ ಪಕ್ಕಪಕ್ಕ (ಪ್ಯಾರಲಲ್ ಆಗಿ) ಕಟ್ಟಿಬಿಡಬೇಡಿ. ಓಮ್ ಅಂದರೆ ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆಯ ಅಳತೆ, ಅದು ಇಳಿದಷ್ಟೂ ಆಂಪ್‌ಗೆ ಹೊರೆ. 8 ಓಮ್‌ನ ಎರಡು ಸ್ಪೀಕರ್ ಹಾಗೆ ಸೇರಿದರೆ 4 ಓಮ್, ನಾಲ್ಕು ಸೇರಿದರೆ 2. ಆಂಪ್ ಬಿಸಿಯಾಗುತ್ತದೆ, ಸುಟ್ಟೂ ಹೋಗಬಹುದು. ಎಷ್ಟು ಓಮ್‌ವರೆಗೆ ತಡೆಯುತ್ತದೆ ಎಂದು ಅದರ ಬೆನ್ನ ಮೇಲೇ ಬರೆದಿರುತ್ತದೆ.

ಪ್ರಶ್ನೆ: ಟಿವಿಯ ಸದ್ದನ್ನೂ ಇದೇ ವ್ಯವಸ್ಥೆಯಲ್ಲಿ ಎಲ್ಲ ಕೋಣೆಗೆ ಕಳಿಸಬಹುದಾ?

ಉತ್ತರ: ಪಕ್ಕದ ಕೋಣೆಗಳಿಗೆ ಕಳಿಸಬಹುದು. ಟಿವಿ ಇರುವ ಕೋಣೆಯಲ್ಲಿ ಮಾತ್ರ ಸ್ಪೀಕರನ್ನು ನೇರವಾಗಿ ವೈರಿನಿಂದ ಟಿವಿಗೇ ಸೇರಿಸಿ. ಕೂಡಿಟ್ಟುಕೊಂಡು ಕಾಯುವ ಆ ಹೊತ್ತು, ಸ್ನ್ಯಾಪ್‌ಕಾಸ್ಟ್‌ನಲ್ಲಾದರೆ ಮೊದಲಿಗೆ ಒಂದು ಇಡೀ ಸೆಕೆಂಡ್, ಇಲ್ಲಿ ತೊಂದರೆ ಕೊಡುತ್ತದೆ. ತುಟಿ ಅಲ್ಲಾಡಿ ಮುಗಿದ ಮೇಲೆ ಮಾತು ಕೇಳುತ್ತದೆ.