ಕಲ್ಪಿತ ನಾಡಿನ ಊರಿಗೆ ಹೆಸರು ಕಟ್ಟುವುದು

ಪ್ರಶ್ನೆ: ಟೋಲ್ಕಿನ್ ಅವರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಓದುತ್ತಿದ್ದೇನೆ. ಅದರಲ್ಲಿ ಬರುವ ಗೊಂಡೋರ್, ಮೊರ್ಡೋರ್, ಮಿನಾಸ್ ತಿರಿತ್ ಎಂಬ ಸ್ಥಳಗಳ ಹೆಸರಿಗೆ ಅರ್ಥವಿದೆಯೇ, ಅಥವಾ ಕಿವಿಗೆ ಇಂಪಾಗಲೆಂದು ಜೋಡಿಸಿದ್ದೇ? ನಾನೂ ಕನ್ನಡದಲ್ಲಿ ಇಂಥದೊಂದು ಕಾದಂಬರಿ ಬರೆಯುತ್ತಿದ್ದೇನೆ. ನನ್ನ ಊರುಗಳ ಹೆಸರೆಲ್ಲ ಕೃತಕವಾಗಿ ಕಾಣುತ್ತಿವೆ.
– ಓದುಗರೊಬ್ಬರು, ಜಯನಗರ, ಬೆಂಗಳೂರು

ಉತ್ತರ: ಮೂರಕ್ಕೂ ಅರ್ಥವಿದೆ. ಟೋಲ್ಕಿನ್ ಭಾಷಾಶಾಸ್ತ್ರ ಬಲ್ಲ ಪ್ರಾಧ್ಯಾಪಕರು. ಮೊದಲು ಭಾಷೆ, ಆಮೇಲೆ ಕತೆ ಎಂದು ಅವರೇ ಹೇಳಿಕೊಂಡಿದ್ದಾರೆ. ಈ ಹೆಸರುಗಳು ಕತೆಯ ಎಲ್ಫ್ ಎಂಬ ಜನಾಂಗಕ್ಕಾಗಿ ಅವರು ಕಟ್ಟಿದ ಸಿಂದಾರಿನ್ ಭಾಷೆಯವು. ಅದರಲ್ಲಿ ‘ಡೋರ್’ ಎಂದರೆ ನಾಡು, ‘ಗೊಂಡ್’ ಕಲ್ಲು, ‘ಮೋರ್’ ಕಪ್ಪು. ಗೊಂಡೋರ್ ಕಲ್ಲುನಾಡು, ಮೊರ್ಡೋರ್ ಕರಿನಾಡು. ಅದೇ ‘ಮೋರ್’ ಮೋರಿಯಾ ಎಂಬ ಹೆಸರಿನಲ್ಲೂ ಇದೆ.

ಮಿನಾಸ್ ತಿರಿತ್ ಇನ್ನೂ ಸ್ವಾರಸ್ಯದ್ದು. ಅದರ ಹಳೆಯ ಹೆಸರು ಮಿನಾಸ್ ಅನೋರ್, ಸೂರ್ಯಗೋಪುರ. ಎದುರಿಗೆ ಮಿನಾಸ್ ಇಥಿಲ್, ಚಂದ್ರಗೋಪುರ. ಚಂದ್ರಗೋಪುರ ಶತ್ರುವಿನ ಕೈಸೇರಿ ಮಿನಾಸ್ ಮೊರ್ಗುಲ್, ಅಂದರೆ ಮಾಟದ ಗೋಪುರವಾಯಿತು. ಸೂರ್ಯಗೋಪುರ ಅದನ್ನು ಕಾಯುವ ಮಿನಾಸ್ ತಿರಿತ್, ಕಾವಲುಗೋಪುರವಾಯಿತು. ಒಂದು ಯುದ್ಧದ ಚರಿತ್ರೆಯೇ ಹೆಸರಿನೊಳಗೆ ಕೂತಿದೆ.

ಕನ್ನಡಿಗರು ವಿಶೇಷವಾಗಿ ಗಮನಿಸಬೇಕಾದದ್ದು ಬೇರೆ. ಸಿಂದಾರಿನ್‌ನಲ್ಲಿ ‘ಕಲೆನ್’ ಎಂದರೆ ಹಸಿರು. ಕಲೆನಾರ್ಧೋನ್ ಎಂಬ ಪ್ರಾಂತ್ಯದ ಹೆಸರಿನ ಮೊದಲಲ್ಲಿ ಅದು ಹಾಗೆಯೇ ಇದೆ. ಆದರೆ ಆಂದುಯಿನ್ ನದಿಯ ದಡದ ಹಸಿರು ಬಯಲು ಪಾರ್ಥ್ ಗಲೆನ್. ಕಕಾರ ಗಕಾರವಾಯಿತು. ತಕಾರ ದಕಾರವಾಗುವುದೂ, ಪಕಾರ ಬಕಾರವಾಗುವುದೂ ಉಂಟು. ಶಾಲೆಯಲ್ಲಿ ಕಲಿತ ಆದೇಶ ಸಂಧಿ ನೆನಪಾಗುತ್ತಿಲ್ಲವೇ? ಹಳಗನ್ನಡ, ಬೆಟ್ಟದಾವರೆ, ಕಂಬನಿ! ಟೋಲ್ಕಿನ್ ಇದನ್ನು ತೆಗೆದುಕೊಂಡದ್ದು ತಮಗೆ ಪ್ರಿಯವಾದ ವೆಲ್ಷ್ ಭಾಷೆಯಿಂದ. ನಿಮಗೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ.

ನಿಮ್ಮ ಊರುಗಳ ಪಟ್ಟಿಯನ್ನು ಮುಂದಿಟ್ಟುಕೊಳ್ಳಿ. ಒಂದು ಹೆಸರಿನ ತುಂಡು ಇನ್ನೊಂದರಲ್ಲಿ ಎಲ್ಲಿಯೂ ಮರುಕಳಿಸದಿದ್ದರೆ ದೋಷ ಅಲ್ಲಿಯೇ ಇದೆ ಎನ್ನುವುದು ನನ್ನ ಖಚಿತ ಅಭಿಪ್ರಾಯ. ನಿಜವಾದ ಜನ ತಮ್ಮಲ್ಲಿರುವ ನಾಲ್ಕು ಪದಗಳನ್ನೇ ಮತ್ತೆ ಮತ್ತೆ ಬಳಸುತ್ತಾರೆ. ನಮ್ಮ ಬೊಮ್ಮಸಂದ್ರ, ಸಿಂಗಸಂದ್ರ, ತಿಪ್ಪಸಂದ್ರಗಳನ್ನೇ ನೋಡಿ. ದೊಡ್ಡ ಕೆರೆಯನ್ನು ‘ಸಮುದ್ರ’ ಎಂದು ಕರೆದ ಕಾಲದ ಪದ ಬಾಯಿಂದ ಬಾಯಿಗೆ ಸವೆದು ‘ಸಂದ್ರ’ವಾಗಿದೆ. ಬಸ್ಸಿನ ಬೋರ್ಡಿನಲ್ಲಿ ಅದನ್ನು ಓದುವವರಿಗೆ ಕೆರೆಯ ನೆನಪೂ ಬರುವುದಿಲ್ಲ. ಆದರೂ ಒಂದೇ ಸೀಮೆಯ ಊರುಗಳೆಂದು ಕಿವಿಗೆ ಗೊತ್ತಾಗುತ್ತದೆ.

ನೀರು, ಗುಡ್ಡ, ಕೋಟೆ, ಕಾಡು, ಎರಡು ಮೂರು ಬಣ್ಣ: ಇಷ್ಟಕ್ಕೆ ಮೊದಲು ಪದ ಕಟ್ಟಿ. ಸಂಧಿಯ ಒಂದು ನಿಯಮ ಮಾಡಿ, ಅದನ್ನು ಎಲ್ಲಿಯೂ ಮುರಿಯಬೇಡಿ. ಮುಖ್ಯ ಊರುಗಳ ಹೆಸರನ್ನು ಕೊನೆಗೆ ಇಡಿ.